ತಲೆಕೂದಲಿಗೆ ಬಂದ ಲೋಟ

೧೨ ಫೆಬ್ರವರಿ ೨೦೦೧, ಗುಬ್ಬಿ

ಬಾಚಣಿಗೆಗೆ ಇವತ್ತೂ ಒಂದು ಹಿಡಿ ಕೂದಲು. ಸುರುಳಿ ಸುತ್ತಿ ಬಚ್ಚಲ ಗೋಡೆಯ ಸಂದಿಗೆ ತುರುಕಿದೆ. ಮಧ್ಯಾಹ್ನ ಕೂದಲಿಗೆ ಸ್ಟೀಲ್ ಸಾಮಾನು ಕೊಡುವವನು ಬಂದ. ಅತ್ತೆ ಸಂದಿಯಲ್ಲಿದ್ದದ್ದನ್ನೆಲ್ಲ ಎಳೆದು ಕೊಟ್ಟು ಒಂದು ಲೋಟ ತಗೊಂಡರು.

"ನೋಡೇ ಸುಧಾ, ನಿನ್ನ ತಲೆ ಈ ಮನೆಗೆ ಈಗ ಉಪಯೋಗಕ್ಕೆ ಬಂತು."

ನಾನೂ ನಕ್ಕೆ. ಹುಲಿಯೂರುದುರ್ಗದಲ್ಲಿ ಹೆಣ್ಣು ನೋಡಲು ಬಂದಾಗ ಇದೇ ಅತ್ತೆ ನನ್ನ ಜಡೆ ಹಿಡಿದು ನೋಡಿದ್ದರು... ಬಿಡು.

೨ ಮಾರ್ಚ್

ನಾಲ್ಕನೇ ದಿನ. ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆ. ಮುಟ್ಟಾದರೆ ಮೂರು ದಿನ ಹಿತ್ತಲ ಕೋಣೆ, ನಾಲ್ಕನೇ ದಿನ ದೇವರ ದೀಪ — ಈ ಮನೆಯ ಲೆಕ್ಕ. ನನ್ನ ಮೈಗೆ ಆ ಲೆಕ್ಕ ಬರುವುದಿಲ್ಲ. ಇನ್ನೂ ಒಂದು ವಾರ ರಕ್ತ ಹೋಗುತ್ತದೆ. ಮದುವೆಯಾದ ವರ್ಷ ಅತ್ತೆಗೆ ಹೇಳಿದ್ದೆ. "ಕೆಲಸ ತಪ್ಪಿಸೋಕೆ ಒಳ್ಳೆ ದಾರಿ ಕಂಡ್ಕೊಂಡವ್ಳೆ" ಅಂದರು. ಆಮೇಲೆ ಹೇಳಿಲ್ಲ. ಬಟ್ಟೆ ಬದಲಿಸುತ್ತ ದೀಪ ಹಚ್ಚುತ್ತೇನೆ. ದೇವರಿಗೆ ಗೊತ್ತು. ಅತ್ತೆಗೆ ಗೊತ್ತಿಲ್ಲ.

೯ ಮಾರ್ಚ್

ನೆತ್ತಿ ಕಾಣುತ್ತಿದೆ ಅಂತ ಇವರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅತ್ತೆಯೂ ಬಂದರು.

"ಮುಟ್ಟು ಎಷ್ಟು ದಿನ ಇರುತ್ತಮ್ಮ?"

ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಮೂರೇ ದಿನ ಸಾರ್. ನಾಲ್ಕನೇ ದಿನ ದೀಪ ಹಚ್ತಾಳೆ."

ಹೌದು ಅಂದೆ. ಎಣ್ಣೆ ಬರೆದುಕೊಟ್ಟರು.

೧೭ ಜೂನ್, ತುಮಕೂರು

ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದೆನಂತೆ. ಇಲ್ಲಿ ಲೇಡಿ ಡಾಕ್ಟರು. ರಕ್ತ ಟೆಸ್ಟ್ ಮಾಡಿಸಿ, ಎಲ್ಲರನ್ನೂ ಆಚೆ ಕಳಿಸಿ ಕೇಳಿದರು. ನಿಜ ಹೇಳಿದೆ.

"ರಕ್ತದ ಜೊತೆ ಕಬ್ಬಿಣನೂ ಹೋಗ್ತಿದೆಯಮ್ಮ. ಉಳಿದ ಚೂರನ್ನ ಮೈ ಜೀವಕ್ಕೆ ಇಟ್ಕೊಳ್ಳುತ್ತೆ. ಕೂದಲಿಗೆ ಎಲ್ಲಿಂದ ಕೊಡುತ್ತೆ?"

ಆಮೇಲೆ ಬಾಗಿಲು ತೆಗೆದು ಅತ್ತೆಯನ್ನೇ ಗದರಿಸಿದರು. "ಹತ್ತು ದಿನ ಹೋಗೋದನ್ನ ಮೂರು ಅಂತ ಯಾಕೆ ಹೇಳಿದ್ರಿ?"

ಒಳ್ಳೆಯದಕ್ಕೇ ಕೇಳಿದ್ದು. ಅತ್ತೆ ಅವರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದರು.

"ಹಂಗಾದ್ರೆ ಆರು ವರ್ಷದಿಂದ ದೀಪ ಹಚ್ಚಿದ್ದು?"

೨೦ ಜೂನ್, ಗುಬ್ಬಿ

ಅತ್ತೆ ದೇವರ ಮನೆ ತೊಳೆದರು. ಗಂಜಲ ಚಿಮುಕಿಸಿದರು. ಇವರು ಪೇಪರು ಓದುತ್ತಿದ್ದರು.

"ಏನಾದ್ರೂ ಹೇಳ್ರೀ."

"ನೀನು ಮೊದಲೇ ಹೇಳ್ಬೇಕಿತ್ತು" ಅಂದರು. ನನಗೆ.

೧೧ ಜುಲೈ

ಹಿತ್ತಲ ಕೋಣೆ. ಈಗ ಪೂರ್ತಿ ನಿಲ್ಲುವ ತನಕ ಇಲ್ಲೇ. ಕಬ್ಬಿಣದ ಮಾತ್ರೆ, ರಕ್ತ ನಿಲ್ಲುವ ಮಾತ್ರೆ, ಎರಡೂ ಒಳಗಿನ ಬೀರುವಿನಲ್ಲಿ. ಬಾಗಿಲಲ್ಲಿ ನಿಂತು ಕೇಳಿದೆ.

"ಆ ಬೀರು ಸಾಮಾನು ಇಲ್ಲಿಗೆ ಬರಲ್ಲ. ನಿಂತ್ಮೇಲೆ ಸ್ನಾನ ಮಾಡ್ಕೊಂಡು ಬಂದು ನುಂಗು."

"ನಿಲ್ಲೋಕೇ ಅಲ್ವಾ ಅತ್ತೆ ಆ ಮಾತ್ರೆ?"

ಅತ್ತೆ ಎತ್ತರದಿಂದ ನೀರು ಹುಯ್ದರು. ಇಲ್ಲಿ ಕೂರುವವಳಿಗೆ ಅಂತ ಬೇರೆ ಲೋಟ ಇಟ್ಟಿದ್ದಾರೆ. ಅದೇ ಲೋಟ, ನನ್ನ ಕೂದಲಿನದು.

ಸಂಜೆ

ಇವರು ಬಂದು ಬಾಗಿಲಾಚೆ ನಿಂತರು. ಕೇಳಿದೆ.

"ಅಮ್ಮ ಮಲಕ್ಕೊಳ್ಳಲಿ, ತಂದ್ಕೊಡ್ತೀನಿ" ಅಂದರು, ಮೆಲ್ಲಗೆ. ನಿನ್ನೆಯೂ ಹೀಗೇ ಅಂದಿದ್ದರು.

ಲೋಟದ ನೀರು ಕುಡಿಯದೆ ಇಟ್ಟುಕೊಂಡಿದ್ದೇನೆ. ಮಾತ್ರೆ ಬಂದರೆ ನುಂಗಲು —