ಗಂಟಿನ ಮೇಲೆ ಸುತ್ತಿದ ಹಸಿರು ನೂಲು

ದೆಲ್ಫೀನಾಳಿಗೆ, ನೇವಿಯೋ ಬರೆಯುವುದು.

ನಿನ್ನ ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆದಿದ್ದೆ, ಹೊಡೆದುಹಾಕಿದೆ. ಕಾಗದ ಓದಿ ಮುಗಿಸುವ ಹೊತ್ತಿಗೆ ಆ ಪದ ನಿನ್ನ ಮೈ ಉರಿಸುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಹಬ್ಬದ ಕಾರ್ಡನ್ನೂ ಹಾಕದವನು ಇಷ್ಟುದ್ದ ಬರೆಯುತ್ತಿದ್ದಾನೆಂದರೆ ಊರಲ್ಲಿ ಯಾರೋ ಸತ್ತಿರಬೇಕು ಎಂದುಕೊಳ್ಳಬೇಡ. ನಿನ್ನ ಅಪ್ಪ ಗಟ್ಟಿಯಾಗಿದ್ದಾರೆ. ಎಂಬತ್ತೊಂದರಲ್ಲೂ ಚೌಕದ ಕಾಫಿ ಅಂಗಡಿಗೆ ನಡೆದೇ ಹೋಗುತ್ತಾರೆ, ಇಸ್ಪೀಟಿನಲ್ಲಿ ಮೋಸ ಮಾಡುತ್ತಾರೆ, ಸಿಕ್ಕಿಬಿದ್ದರೆ ಎದುರಿನವನನ್ನೇ ಬೈಯುತ್ತಾರೆ.

ವಿಷಯ ನೀನು ಕಳೆದುಕೊಂಡ ಎಡಗಣ್ಣಿನದು. ಸುತ್ತಿ ಬಳಸಿ ಬರೆಯಲು ಹೋದರೆ ಅರ್ಧಕ್ಕೇ ಹೆದರಿ ನಿಲ್ಲಿಸಿಬಿಡುತ್ತೇನೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಆ ಬಿಲ್ಲು ಮುರಿದದ್ದು ಮರ ಕೆಟ್ಟದ್ದಾಗಿತ್ತು ಎಂದಲ್ಲ. ನಾನು ಅದನ್ನು ಕೆಡಿಸಿದ್ದೆ. ನಿನ್ನ ಅಪ್ಪನ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಆ ಮರ ನಿನಗೆ ನೆನಪಿರಬೇಕು. ಮೇಲಿನ ಕಾಡಿನಲ್ಲಿ ಹಿಮದ ಭಾರಕ್ಕೆ ಬಿದ್ದ ತಾಸ್ಸೋ. ಕಡಿಯಲು ಅನುಮತಿಯಿಲ್ಲದ ಮರ ಅದು, ತಾನಾಗಿ ಬಿದ್ದರೆ ಮಾತ್ರ ಬಿಲ್ಲು ಮಾಡುವವರ ಪಾಲಿಗೆ ಬರುತ್ತದೆ. ನೇರವಾದ ತುಂಡುಗಳನ್ನೆಲ್ಲ ಬೇರೆ ಊರಿನವರು ಆರಿಸಿಕೊಂಡು ಹೋಗಿದ್ದರು. ಉಳಿದದ್ದು ಒಂದೇ: ಹಾವು ಹರಿದ ಹಾಗೆ ಸೊಟ್ಟಗೆ, ಮೇಲ್ಭಾಗದಲ್ಲಿ ಹೆಬ್ಬೆರಳಿನ ದಪ್ಪದ ಗಂಟು. ನಿನ್ನ ಅಪ್ಪ, ನನ್ನ ಗಾಸ್ಪರೆ ಮೇಸ್ತ್ರಿ, ಅದನ್ನು ಹೆಗಲ ಮೇಲೆ ಹೊತ್ತು ತಂದರು. ನಾನು ಮುಖ ಸಿಂಡರಿಸಿದ್ದಕ್ಕೆ, "ನಿಂಗೆ ಗೊತ್ತಾಗಲ್ಲ ಬಿಡು, ಕಷ್ಟಪಟ್ಟು ಬೆಳೆದ ಮರ ಇದು, ಉಂಗುರ ನೋಡು ಎಷ್ಟು ಒತ್ತೊತ್ತಾಗಿದೆ" ಅಂದರು. ಅಟ್ಟದಲ್ಲಿ ಏಳು ವರ್ಷ ಒಣಗಿಸಿದರು. ತುದಿಯಲ್ಲಿ ಸೀಸದಕಡ್ಡಿಯಿಂದ ನಿನ್ನ ಹೆಸರಿನ ಮೊದಲಕ್ಷರ ಬರೆದಿಟ್ಟಿದ್ದರು. ಇದನ್ನು ಅವರು ನಿನಗೆ ಯಾವತ್ತೂ ಹೇಳಿರಲಾರರು.

ಬಿಲ್ಲು ಮುರಿದ ಆ ವರ್ಷದ ವಸಂತವಿಡೀ ಅವರು ಅದರ ಕೆಲಸಕ್ಕೇ ಕೂತರು. ಬಿಲ್ಲಿನ ಬೆನ್ನ ಮೇಲೆ ಮರದ ಒಂದೇ ವರ್ಷದ ಉಂಗುರ ತುದಿಯಿಂದ ತುದಿಯವರೆಗೆ ಕಡಿಯದೆ ಉಳಿಯಬೇಕು, ನಮ್ಮ ಕೆಲಸದ ಅಆಇಈ ಅದು. ಮರ ಎದ್ದಲ್ಲಿ ಕತ್ತಿಯೂ ಏಳಬೇಕು, ಇಳಿದಲ್ಲಿ ಇಳಿಯಬೇಕು. ಗಂಟಿನ ಸುತ್ತ ಒಂದಿಷ್ಟು ಮರ ಹೆಚ್ಚಿಗೆ ಬಿಡಬೇಕು, ಅದು ಉಬ್ಬಿಕೊಂಡು ಕಂಡರೂ ಸರಿ. ಜುಲೈನಲ್ಲಿ ಅವರು ಹರ್ನಿಯಾ ಆಪರೇಷನ್ನಿಗೆ ಹೋಗುವಾಗ ಕೆಲಸ ಬಹುಪಾಲು ಮುಗಿದಿತ್ತು. ಬಸ್ಸಿನ ಕಿಟಕಿಯಿಂದ ಹೇಳಿದರು: "ಮೈ ಉಜ್ಜು, ಎಣ್ಣೆ ಹಚ್ಚು, ಹೆದೆ ಕಟ್ಟು. ಗಂಟಿನ ತಂಟೆಗೆ ಮಾತ್ರ ಹೋಗ್ಬೇಡ. ಆ ಉಬ್ಬು ಸವರಿದ್ಯೋ, ಅಲ್ಲೇ ಬಾಯಿ ಬಿಡುತ್ತೆ." ಎಂಟು ವರ್ಷದಿಂದ ಅವರ ಕೈಕೆಳಗೆ ಕಲಿಯುತ್ತಿದ್ದವನಿಗೆ ಇದನ್ನು ಹೇಳಬೇಕೇ ಎಂದು ನನಗೆ ಸ್ವಲ್ಪ ಅವಮಾನವೇ ಆಯಿತು.

ಮಾರನೆಯ ದಿನ, ಆಗಸ್ಟಿನ ಬಿಲ್ಲು ಸ್ಪರ್ಧೆಯಲ್ಲಿ ನಮ್ಮ ಎದುರಾಳಿಯಾದ ಕೆಳಗಿನ ಕೇರಿಯ ತುಲ್ಲಿಯೋ ನಮ್ಮ ಬಿಲ್ಲಿನ ಕಾರ್ಖಾನೆಯ ಬಾಗಿಲಲ್ಲಿ ನಿಂತು ಹಲ್ಲು ಕಿಸಿದ: "ಏನೋ, ಈ ಸಲ ಮೇಲಿನ ಕೇರಿಯೋರು ಗೂನು ಬೆನ್ನಿನ ಬಿಲ್ಲು ತರ್ತಾರಂತೆ? ಡಾಕ್ಟ್ರಿಗೆ ತೋರ್ಸಿದ್ರಾ?" ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಸಂಜೆ ನೀನು ಬಂದೆ. ಉಬ್ಬಿನ ಮೇಲೆ ಬೆರಳಾಡಿಸಿ, "ಅಯ್ಯೋ, ಇದಕ್ಕೂ ಮೂಗಿದೆ! ನಿನ್ನ ಮೂಗೇ ಕಣೋ ನೇವಿಯೋ, ಪಡಿಯಚ್ಚು" ಎಂದು ನಕ್ಕೆ. ಪ್ರೀತಿಯಿಂದಲೇ ಅಂದೆ, ಈಗ ಗೊತ್ತಾಗುತ್ತದೆ. ಆಗ ನನಗೆ ಇಪ್ಪತ್ತಾರು. ನಿನ್ನ ಮೇಲೆ ಮನಸ್ಸಿತ್ತು, ನನ್ನ ಮೂಗಿನ ಮೇಲೆ ಸಿಟ್ಟಿತ್ತು. ನಿನ್ನ ನಗೆಗೆ ಇದರಲ್ಲಿ ಪಾಲಿಲ್ಲ, ಅದನ್ನು ಎಳೆದು ತರುತ್ತಿದ್ದೇನೆ ಎಂದು ತಿಳಿಯಬೇಡ. ನಿನ್ನ ಕೈಯಲ್ಲಿ ಚಂದದ ಬಿಲ್ಲು ಇರಬೇಕು, ನೋಡಿದವರು ಇದು ಯಾರ ಕೈಕೆಲಸ ಎಂದು ಕೇಳಬೇಕು, ಅಷ್ಟು ನನ್ನ ತಲೆಗೇರಿತ್ತು.

ಬೆಳಿಗ್ಗೆ ಅರ ತೆಗೆದುಕೊಂಡೆ. ನಾಲ್ಕೇ ನಾಲ್ಕು ಸಲ ಉಜ್ಜೋಣ ಎಂದುಕೊಂಡೆ. ಉಬ್ಬು ಇಳಿಯುತ್ತಿದ್ದಂತೆ ಕೈಗೆ ರುಚಿ ಹತ್ತಿತು. ನಿಲ್ಲಿಸಿ ನೋಡಿದಾಗ ಬಿಳಿ ಮರದಲ್ಲಿ ಉಂಗುರದ ಅಂಚು ಅಂಗಿಯ ಗುಂಡಿಯಷ್ಟು ಅಗಲಕ್ಕೆ ತೆರೆದುಕೊಂಡಿತ್ತು. ಒಂದಲ್ಲ, ಎರಡು ಉಂಗುರ ಕಡಿದಿದ್ದೆ. ಗೊತ್ತಾಗದೆ ಆದದ್ದಲ್ಲ, ದೆಲ್ಫೀನಾ. ಏನು ಮಾಡಿದ್ದೇನೆಂದು ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಸ್ಪರ್ಧೆಗೆ ಒಂಬತ್ತು ದಿನವಿತ್ತು. ನಿನಗೊಂದು ಮಾತು ಹೇಳಿದ್ದರೆ ನೀನು ಹಳೆಯ ಬಿಲ್ಲಿನಲ್ಲಿ ಹೊಡೆಯುತ್ತಿದ್ದೆ, ಬಹುಶಃ ಸೋಲುತ್ತಿದ್ದೆ, ಅಷ್ಟೇ. ನಾನು ನಮ್ಮ ಕೇರಿಯ ಬಣ್ಣದ ಹಸಿರು ರೇಷ್ಮೆ ನೂಲು ತಂದು, ಅಂಟು ಹಚ್ಚಿ, ಆ ಜಾಗಕ್ಕೆ ನಾಲ್ಕು ಬೆರಳಗಲ ಸುತ್ತಿದೆ. ಹತ್ತಿಪ್ಪತ್ತು ಸಲ ಎಳೆದು ನೋಡಿದೆ. ತಡೆಯಿತು. ತಡೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಎಲ್ಲರೂ ಹೊಗಳಿದರು. ನಿನ್ನ ಅಮ್ಮ ಇರ್ಮಾ ನನ್ನ ಕೆನ್ನೆಗೆ ಮುತ್ತಿಟ್ಟರು. ಸ್ಪರ್ಧೆಯ ಹಿಂದಿನ ದಿನ ಆಸ್ಪತ್ರೆಯಿಂದ ಬಂದ ಮೇಸ್ತ್ರಿಗೆ ಹೊಲಿಗೆಯ ನೋವಿನಲ್ಲಿ ಬಿಲ್ಲು ಎಳೆಯಲು ಆಗುವಂತಿರಲಿಲ್ಲ. ನೂಲಿನ ಮೇಲೆ ಕೈಯಾಡಿಸಿ, "ಇದ್ಯಾಕೋ?" ಅಂದರು. "ಕೇರಿ ಬಣ್ಣ, ಮೇಸ್ತ್ರಿ." "ಹ್ಞೂಂ, ವಯಸ್ಸಿನ ಶೋಕಿ" ಎಂದು ನಕ್ಕು ನಿನ್ನ ಕೈಗೆ ಕೊಟ್ಟರು. ಬಿಚ್ಚಿ ತೋರಿಸು ಅಂದಿದ್ದರೆ ತೋರಿಸುತ್ತಿದ್ದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ, ಇನ್ನೊಂದು ಸುಳ್ಳು ಹೇಳುತ್ತಿದ್ದೆ.

ಮೂರನೆಯ ಬಾಣಕ್ಕೆ ಬಿಲ್ಲು ಗಂಟಿನ ಹತ್ತಿರ ಮುರಿದು ನಿನ್ನ ಕಣ್ಣಿಗೆ ಸಿಡಿದದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಅದರ ನಂತರದ್ದು ನಿನಗೆ ಗೊತ್ತಿಲ್ಲ. ಜನರೆಲ್ಲ ನಿನ್ನನ್ನು ಎತ್ತಿಕೊಂಡು ಓಡಿದಾಗ ನಾನು ನಿನ್ನ ಹಿಂದೆ ಬರಲಿಲ್ಲ. ಕಲ್ಲುಹಾಸಿನ ಮೇಲೆ ಬಿದ್ದಿದ್ದ ಎರಡು ತುಂಡುಗಳನ್ನು ಕೋಟಿನೊಳಗೆ ಮುಚ್ಚಿಕೊಂಡು ಕಾರ್ಖಾನೆಗೆ ಹೋದೆ. ಮುರಿದ ಜಾಗ ನೋಡಿದರೆ ಮೇಸ್ತ್ರಿಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಆಗಸ್ಟ್ ತಿಂಗಳ ಸುಡುಬಿಸಿಲಿನಲ್ಲಿ ಒಲೆ ಹಚ್ಚಿದೆ. ಪಕ್ಕದ ಮನೆಯಾಕೆ ಕಿಟಕಿಯಿಂದ, "ಈ ಸೆಕೇಲಿ ಒಲೆ ಹಾಕಿದೀಯಲ್ಲೋ, ತಲೆ ಕೆಟ್ಟಿದೆಯಾ?" ಅಂದಳು. ಅಂಟು ಕಾಯಿಸುತ್ತಿದ್ದೇನೆ ಅಂದೆ. ನೀನು ಆಂಬುಲೆನ್ಸಿನಲ್ಲಿ ಘಟ್ಟ ಇಳಿಯುತ್ತಿದ್ದ ಹೊತ್ತಿಗೆ ನಾನು ನಿನ್ನ ಬಿಲ್ಲು ಉರಿದು ಬೂದಿಯಾಗುವುದನ್ನು ಕಾಯುತ್ತಾ ಕೂತಿದ್ದೆ.

ಆಸ್ಪತ್ರೆಯಲ್ಲಿ ನೀನು ನಿನ್ನ ಅಪ್ಪನಿಗೆ ಅಂದ ಮಾತು ನನ್ನ ಎದುರಿಗೇ ಅಂದದ್ದು. "ಸ್ವಂತ ಮಗಳಿಗೆ ಕೊಡೋಕೆ ಒಳ್ಳೆ ಮರ ಇರ್ಲಿಲ್ವಾ ಅಪ್ಪಾ? ಯಾರೂ ಬೇಡ ಅಂದ ಸೊಟ್ಟ ಮರಾನೇ ಆಗ್ಬೇಕಿತ್ತಾ?" ಅವರು ಮಂಚದ ಕಂಬಿ ಹಿಡಿದುಕೊಂಡು, "ತಪ್ಪಾಯ್ತು ಮಗಳೇ" ಅಂದರು. ನೀನು ಗೋಡೆಗೆ ಮುಖ ತಿರುಗಿಸಿದೆ. ಆಮೇಲೆ ಸೋದರತ್ತೆಯ ಮನೆಗೆಂದು ಲಿವೋರ್ನೋಗೆ ಹೋದವಳು ಅಲ್ಲೇ ಉಳಿದೆ. ಅಮ್ಮನ ಮಣ್ಣಿಗೆ ಬಂದಾಗಲೂ ಅವರ ಪಕ್ಕದಲ್ಲಿ ಕೂರಲಿಲ್ಲ. ಊರೆಲ್ಲ ಮಗಳ ಮನಸ್ಸು ಕಲ್ಲು ಎಂದಿತು. ನಾನೂ ತಲೆಯಾಡಿಸಿದೆ, ಹೌದು, ನಾನೂ.

ಪ್ರತಿ ಚಳಿಗಾಲ ಅವರು ನನ್ನನ್ನು ಅದೇ ಪ್ರಶ್ನೆ ಕೇಳುತ್ತಿದ್ದರು: "ನೇವಿಯೋ, ಒಲೆಗೆ ಹಾಕೋ ಮುಂಚೆ ನೋಡಿದ್ಯಲ್ಲ. ಗಂಟಿನ ಕೆಳಗೆ ಕೊಳೆತಿತ್ತಾ?" ಸಂಕಟ ತಡೆಯದೆ ಸುಟ್ಟುಹಾಕಿದೆ ಎಂದು ಅವರಿಗೆ ಹೇಳಿದ್ದೆ. "ಹೂಂ ಮೇಸ್ತ್ರಿ, ಸ್ವಲ್ಪ" ಅನ್ನುತ್ತಿದ್ದೆ. ಆ 'ಸ್ವಲ್ಪ' ನೆನೆಸಿಕೊಂಡರೆ ಇವತ್ತಿಗೂ ನನ್ನ ನಾಲಿಗೆಯನ್ನೇ ಕಿತ್ತುಹಾಕಬೇಕು ಅನ್ನಿಸುತ್ತದೆ. ಅವರು ಅಟ್ಟದಲ್ಲಿದ್ದ ಸೊಟ್ಟ ಮರಗಳನ್ನೆಲ್ಲ ಬ್ರೆಡ್ಡಿನ ಭಟ್ಟಿಯವನಿಗೆ ಉರುವಲಿಗೆ ಕೊಟ್ಟರು. ಎರಡು ವರ್ಷ ನೇರ ಮರ ಮಾತ್ರ ಮುಟ್ಟಿದರು. ಆಮೇಲೆ ಅದನ್ನೂ ಬಿಟ್ಟು ಕಾರ್ಖಾನೆಯ ಕೀಲಿ ನನ್ನ ಕೈಗಿಟ್ಟರು. ಅವರ ಹೆಸರಿನ ಬೋರ್ಡಿನ ಕೆಳಗೆ ಕೂತು ನಾನು ಇಷ್ಟು ವರ್ಷ ಅನ್ನ ತಿಂದಿದ್ದೇನೆ.

ಹೋದ ಮಂಗಳವಾರ ಬೆಳಿಗ್ಗೆ ಅವರು ಕಂಕುಳಲ್ಲಿ ಒಂದು ಮರ ಅವಚಿಕೊಂಡು ಬಂದರು. ಕಾಡಿನ ಕಾವಲುಗಾರ ಕೊಟ್ಟದ್ದಂತೆ, ತಾಸ್ಸೋ, ನಡುವಿನಲ್ಲಿ ತಿರುಚಿಕೊಂಡಿತ್ತು. ಮಣೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. "ಒಳ್ಳೇದು ಅನ್ಸುತ್ತೆ. ಆದ್ರೂ ನೀನೇ ನೋಡು. ನನ್ನ ಕಣ್ಣನ್ನ ನಾನೇ ನಂಬಲ್ಲ ಕಣೋ" ಅಂದರು. ಈ ಬೆಟ್ಟಗಳಲ್ಲಿ ಮರ ನೋಡುವುದನ್ನು ನಾಲ್ಕು ಊರಿಗೆ ಕಲಿಸಿದ ಮನುಷ್ಯ ನನ್ನ ಮುಂದೆ, ನನ್ನ ಮುಂದೆ, ಹಾಗೆ ಕೈಕಟ್ಟಿಕೊಂಡು ನಿಂತಿದ್ದರು. ನನಗೆ ಇನ್ನು ತಡೆಯಲಾಗಲಿಲ್ಲ. ಅರದಿಂದ ಒಲೆಯವರೆಗೆ ಎಲ್ಲ ಹೇಳಿದೆ.

ಹೊಡೆಯುತ್ತಾರೆಂದುಕೊಂಡಿದ್ದೆ. ಅವರು ಮಣೆಯ ಮೇಲೆ ಕೂತರು. "ಎಷ್ಟು ಉಂಗುರ ಕಡಿದೆ?" ಅಂದರು. ಎರಡು ಅಂದೆ. "ಹಾಗಾದ್ರೆ ಮರ ಗಟ್ಟಿಯಾಗಿತ್ತು" ಅಂದರು. ಪಕ್ಕದಲ್ಲಿದ್ದ ಮರವನ್ನು ಸವರುತ್ತಾ ಮತ್ತೆ, "ಮರ ಗಟ್ಟಿಯಾಗಿತ್ತು." ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಿನ್ನ ಅಮ್ಮ ಹೋದಾಗಲೂ ನಾನು ಕಂಡಿರಲಿಲ್ಲ. "ಅವಳ ಮಂಚದ ಹತ್ರ ನಾನು ತಪ್ಪಾಯ್ತು ಅಂದಾಗ ನೀನು ಅಲ್ಲೇ ಇದ್ಯಲ್ಲೋ. ಕೈಯಲ್ಲಿ ಪೀಚ್ ಹಣ್ಣಿನ ಚೀಲ ಹಿಡ್ಕೊಂಡು ನಿಂತಿದ್ಯಲ್ಲೋ." ಹೌದು, ನಿಂತಿದ್ದೆ.

ನನ್ನನ್ನು ಕ್ಷಮಿಸಿ ಮೇಸ್ತ್ರಿ ಅಂದೆ. ಎದ್ದು ಬಾಗಿಲವರೆಗೆ ಹೋದವರು ತಿರುಗಿದರು. "ನೀನೇ ಅವಳಿಗೆ ಬರೀ. ನಾನು ಹೇಳಿದ್ರೆ ಮುದುಕ ಜಾರ್ಕೊಳ್ತಿದಾನೆ ಅನ್ಕೋತಾಳೆ. ಕ್ಷಮೆ ಗಿಮೆ ಏನಿದ್ರೂ ಅವಳ ಹತ್ರಾನೇ ಕೇಳ್ಕೋ. ಅದನ್ನ ಇಟ್ಕೊಂಡು ನಾನೇನ್ ಮಾಡ್ಲಿ? ನಂಗೆ ನನ್ನ ಮಗಳು ಬೇಕು."

ಆ ಮಾತು ಕೇಳಿದ ಮೇಲೆ ನಿನ್ನ ಹತ್ತಿರ ನನಗಾಗಿ ಏನಾದರೂ ಕೇಳುವ ಮುಖ ನನಗಿಲ್ಲ. ಬರುವ ಭಾನುವಾರ ನಮ್ಮ ಕೇರಿಯ ಊಟದಲ್ಲಿ ಎದ್ದು ನಿಂತು ಎಲ್ಲರ ಮುಂದೆ ಇದನ್ನು ಹೇಳುತ್ತೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಿನಗೆ ಮುಟ್ಟಲಿ ಎಂದು ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ. ನಿನ್ನ ಸಿಟ್ಟೆಲ್ಲ ನನ್ನದು, ಅವರ ಮೇಲೆ ಇರುವುದನ್ನೂ ಕಿತ್ತು ನನಗೇ ಕೊಡು. ನನ್ನನ್ನು ಕ್ಷಮಿಸಬೇಡ, ಉತ್ತರ ಬರೆಯಬೇಡ.

ಅವರ ಫೋನ್ ನಂಬರು ಬದಲಾಗಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮನೆಯಲ್ಲೇ ಇರುತ್ತಾರೆ. ಈಚೆಗೆ ಕಿವಿ ಮಂದ, 'ಯಾರು?' ಎಂದು ಎರಡು ಸಲ ಕೇಳಿಯಾರು. ಬೇಸರ ಮಾಡಿಕೊಂಡು ಇಟ್ಟುಬಿಡಬೇಡ ದೆಲ್ಫೀನಾ. ಎರಡನೆಯ ಸಲವೂ ಹೇಳು: ಅಪ್ಪಾ, ನಾನು.

ಹಾರೈಸುವ ಯೋಗ್ಯತೆ ನನಗಿಲ್ಲದಿದ್ದರೂ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ತಲೆ ತಗ್ಗಿಸಿ,
ನೇವಿಯೋ