ಸಡಿಲ ಸ್ಟೀರಿಂಗಿಗೆ ಪಳಗಿದ ಕೈ

ಮನೆಯಿಂದ,
ಅಕ್ಟೋಬರ್ ೧೧, ಶನಿವಾರ

ಪ್ರೀತಿಯ ಅಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ಭಾವ ಈಗಲಾದರೂ ಪಾತ್ರೆ ತೊಳೆಯುತ್ತಿದ್ದಾರೋ, ಬರೀ ಬಾಯಿಮಾತೋ? ಅಮ್ಮನ ಡಯಾಲಿಸಿಸ್ ನಿನ್ನೆಯವರೆಗೂ ತಪ್ಪದೆ ನಡೆದಿದೆ, ಕಾಲಿನ ಊತ ಇಳಿದಿದೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಉಳಿದದ್ದನ್ನು ಅಪ್ಪನ ಪಕ್ಕದಲ್ಲಿ ನಿಂತು ಹೇಳಲಾರೆ.

ನಮ್ಮ ಕಾರಿನ ಸ್ಟೀರಿಂಗ್ ವರ್ಷಗಳಿಂದ ಸಡಿಲವಿದ್ದದ್ದು ನಿನಗೆ ಗೊತ್ತು. ‘ನಿಮ್ಮಪ್ಪನ ಹಾಗೇ, ಒಂದು ಸಲ ಹೇಳಿದ್ರೆ ಕೇಳಲ್ಲ’ ಎಂದು ಅಮ್ಮ ನಗುತ್ತಿದ್ದಳು. ಕಳೆದ ತಿಂಗಳು ಅದು ಹೆಚ್ಚಾಗಿ, ನಾಲ್ಕು ಬೆರಳಿನಷ್ಟು ತಿರುಗಿಸಿದರೂ ಚಕ್ರ ಮಿಸುಕದಂತಾಯಿತು. ಬೀದಿ ಕೊನೆಯ ಮೆಕ್ಯಾನಿಕ್ ಸ್ಟೀರಿಂಗ್ ಬಾಕ್ಸಿನ ಸ್ಕ್ರೂ ಬಿಗಿದ. ಸಡಿಲು ಹೋಗಲಿಲ್ಲ, ತಿರುವು ದಾಟಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದೂ ನಿಂತಿತು. ‘ತಲೆನೋವು ಅಂದ್ರೆ ಕಾಲಿಗೆ ಪಟ್ಟಿ ಕಟ್ಟಿದಾನೆ’ ಎಂದು ಬೈದು ಅಪ್ಪ ತಾವೇ ಕಾರಿನಡಿ ನುಸುಳಿದರು. ಎಂಜಿನ್ ಆರಿಸಿ ಅಮ್ಮ ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪವೇ ಅಲುಗಿಸಬೇಕು. ಯಾವ ಕೀಲು ತಡವಾಗಿ ಅಲುಗುತ್ತದೆಂದು ಅಪ್ಪ ಕೆಳಗಿನಿಂದ ನೋಡಬೇಕು. ನಾನು ಟಾರ್ಚ್ ಹಿಡಿದಿದ್ದೆ. ‘ಮೆಲ್ಲಗೆ ಕಣೇ, ಲಾರಿ ತಿರುಗಿಸ್ತಿದೀಯಾ?’ ಎಂದು ಅವರು, ‘ಮುಖ ಕಾಣದಿದ್ರೂ ಬೈಗುಳ ಮಾತ್ರ ಸ್ಪಷ್ಟ’ ಎಂದು ಇವಳು. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಎಂಬ ಸರಳಿನ ತುದಿಯ ಕೀಲುಗಳು ಎರಡೂ ಬದಿ ಸವೆದು ಲೊಡಲೊಡ ಎನ್ನುತ್ತಿದ್ದವು. ಮೆಕ್ಯಾನಿಕ್ ಹೊಸ ಕೀಲು ಹಾಕಿ, ಬಾಕ್ಸಿನ ಸ್ಕ್ರೂ ಮೊದಲಿನಂತೆ ಬಿಟ್ಟು, ಚಕ್ರಗಳ ಅಲೈನ್‌ಮೆಂಟ್ ಸರಿಮಾಡಿ ಓಡಿಸಿ ತೋರಿಸಿದ. ಕಾರು ನೂಲು ಹಿಡಿದಂತೆ ನೇರ ಹೋಯಿತು.

ಅಪ್ಪ ಓಡಿಸಿದರೆ ಅದೇ ಕಾರು ಹಾವಿನಂತೆ ಹರಿಯಿತು. ಸಡಿಲು ಸ್ಟೀರಿಂಗಿನ ಕಾಲದಲ್ಲಿ ಕಾರನ್ನು ನೇರ ಇಡಲು ಅವರ ಕೈ ಒಂದೇ ಸಮನೆ ಆಚೀಚೆ ಆಡುತ್ತಿತ್ತಲ್ಲ, ಈಗಲೂ ಹಾಗೇ ಆಡುತ್ತದೆ. ಈಗ ಪ್ರತಿ ಆಟಕ್ಕೂ ಚಕ್ರ ತಿರುಗುತ್ತದೆ. ‘ಗಾಡಿ ಸರಿಯಾಗಿದೆ ಯಜಮಾನ್ರೇ, ಕೈ ಇನ್ನೂ ಹಳೇದ್ರಲ್ಲೇ ಇದೆ. ಓಡಿಸ್ತಾ ಓಡಿಸ್ತಾ ಹೊಂದ್ಕೊಳ್ಳುತ್ತೆ’ ಎಂದ ಮೆಕ್ಯಾನಿಕ್. ಹೊಂದಿಕೊಳ್ಳಲಿಲ್ಲ ಅಕ್ಕಾ. ಆಸ್ಪತ್ರೆಯ ಗೇಟಿನಲ್ಲಿ ಅಪ್ಪ ಖಾಲಿ ಸ್ಟ್ರೆಚರಿಗೆ ಗುದ್ದಿದರು. ಯಾರಿಗೂ ಪೆಟ್ಟಾಗಲಿಲ್ಲ. ವಾರ್ಡಿನ ಹುಡುಗಿ ಮಾತ್ರ ‘ಈ ತಾತನಿಗೆ ಯಾರಪ್ಪಾ ಕಾರು ಕೊಟ್ಟಿದ್ದು?’ ಎಂದು ಕೂಗಿದಳು. ಅಂದು ಕಾರಿನ ಕೀಲಿ ನನ್ನ ಕೈಗೆ ಹಾಕಿದವರು ಮತ್ತೆ ಕೇಳಿಲ್ಲ. ಫಿಟ್ಸ್ ಇರುವ ನಾನು ಓಡಿಸುವ ಹಾಗಿಲ್ಲ, ಹಾಗಾಗಿ ಅಮ್ಮನನ್ನು ಟ್ಯಾಕ್ಸಿಯಲ್ಲಿ ಕರೆದೊಯ್ಯುತ್ತಿದ್ದೇನೆ. ಅಪ್ಪ ಬಾಗಿಲವರೆಗೂ ಬರುವುದಿಲ್ಲ. ಗಡ್ಡ ಬೋಳಿಸುವುದು ಬಿಟ್ಟಿದ್ದಾರೆ, ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತದೆ. ಅಮ್ಮನ ಜೊತೆ ಅವರು ಬಾಯಿಬಿಟ್ಟು ಮಾತಾಡುತ್ತಿದ್ದದ್ದೇ ಆ ಆಸ್ಪತ್ರೆಯ ದಾರಿಯಲ್ಲಿ. ಈಗ ಅದೂ ಇಲ್ಲ. ‘ನಾನು ಪಕ್ಕದಲ್ಲಿ ಕೂರ್ತೀನಿ, ಖಾಲಿ ಮೈದಾನದಲ್ಲಿ ಓಡಿಸಿ ನೋಡಿ’ ಎಂದು ಮೆಕ್ಯಾನಿಕ್ ಎರಡು ಸಲ ಬಂದು ಹೋದ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಏನೂ ತೋಚುತ್ತಿಲ್ಲ.

ಭಾವನಿಗೆ ನನ್ನ ನಮಸ್ಕಾರ, ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು. ನೀನು ಭಾರ ಎತ್ತಬೇಡ.

ನಿನ್ನ ತಮ್ಮ

ತಾ.ಕ.: ಹಳೆಯ ಕೀಲುಗಳನ್ನೇ ಮತ್ತೆ ಹಾಕಿಸು ಎನ್ನುತ್ತಿದ್ದಾಳೆ ಅಮ್ಮ. ಮೆಕ್ಯಾನಿಕ್ ಅವನ್ನು ಎಸೆದಿಲ್ಲವೆಂದು ಅವಳೇ ಹೋಗಿ ವಿಚಾರಿಸಿ ಬಂದಿದ್ದಾಳೆ. ದಾರಿಯಲ್ಲೇ ಕಳಚಿಕೊಂಡರೆ ಇಬ್ಬರೂ ಉಳಿಯುವುದಿಲ್ಲ ಎಂದೆ. ‘ಗೊತ್ತು, ನಾನೂ ಪಕ್ಕದಲ್ಲೇ ಇರ್ತೀನಲ್ಲ’ ಎಂದಳು. ನಾನು ಆಗದು ಎಂದದ್ದಕ್ಕೆ ಇವತ್ತು ಡಯಾಲಿಸಿಸ್ಸಿಗೆ ಟ್ಯಾಕ್ಸಿ ಬಂದು ಹಾರ್ನ್ ಹೊಡೆದರೂ ಅವಳು ಏಳಲಿಲ್ಲ.