ಕೇಳಬೇಡಿ, ಮುಚ್ಚಿ

೧೪ ಮಾರ್ಚ್, ಭಾನುವಾರ

ಪುಟ್ಟಿ,

ಅಕ್ಕನ ಮೇಲೆ ಎಷ್ಟೇ ಕೋಪವಿದ್ದರೂ ಈ ಕಾಗದವನ್ನು ಕೊನೆಯವರೆಗೆ ಓದು. ನಿನ್ನ ಪತ್ರ ಬಂದು ಏಳು ವಾರವಾಯಿತು. ನಾಲ್ಕು ಸಲ ಉತ್ತರ ಬರೆಯಲು ಕೂತೆ, ನಾಲ್ಕು ಸಲವೂ ಹರಿದು ಹಾಕಿದೆ. ನೀನು ಕೇಳಿದ್ದು ಒಂದೇ ಮಾತು: "ಇವರಿಗೆ ಉಸಿರಾಟದ ಯಂತ್ರ ಬೇಕೂಂತ ಹಾಕಿದ್ದ ಅರ್ಜೀನ ನಿಮ್ಮ ಆಫೀಸಲ್ಲಿ ಮುಚ್ಚಿದ್ದು ಯಾರು ಅಕ್ಕಾ?" ಅವರು ಹೋದ ಮೇಲೆ ನಿನಗೆ ಬೇರೇನೂ ಬೇಕಿಲ್ಲ ಎಂದು ಬಲ್ಲೆ.

ರೋಗಿಗಳಿಗೆ ನೆರವು ಕೊಡುವ ಈ ಕಚೇರಿಗೆ ಲಕೋಟೆ ಒಡೆಯುವ ಕೆಲಸಕ್ಕೆ ಸೇರಿ, ಪಕ್ಕದವರನ್ನು ನೋಡಿ ನೋಡಿಯೇ ಟೈಪಿಂಗ್ ಕಲಿತವಳು ನಾನು. ಅಂಥವಳ ಕೈಕೆಳಗೆ ಈಗ ಕಂಪ್ಯೂಟರಿನೊಳಗಿನ ಹನ್ನೆರಡು ಎಐ ಏಜೆಂಟ್‌ಗಳು. ಗುಮಾಸ್ತರ ಮೇಜುಗಳೆಲ್ಲ ಖಾಲಿ. ಒಂದರ ಮೇಲೆ ಯಾರದೋ ಕನ್ನಡಕದ ಡಬ್ಬಿ ಇನ್ನೂ ಬಿದ್ದಿದೆ. ಅರ್ಜಿ ಓದುವುದು, ಕೊರತೆ ಹುಡುಕುವುದು, ಸಂದೇಶ ಕಳಿಸುವುದು ಎಲ್ಲ ಏಜೆಂಟ್‌ಗಳದೇ. ನೆಗಡಿಯಿಲ್ಲ, ರಜೆಯಿಲ್ಲ. ಆದರೆ ಪ್ರತಿಯೊಂದಕ್ಕೂ ನನ್ನನ್ನು ಕೇಳುತ್ತಿದ್ದವು, ದಿನಕ್ಕೆ ಮುನ್ನೂರು ಪ್ರಶ್ನೆ. "ಅಮ್ಮಾವ್ರೇ, ಹೊಸ ಸೊಸೇನೂ ಅತ್ತೇನ ಇಷ್ಟು ಕೇಳಲ್ಲ ಬಿಡಿ," ಎಂದು ಜವಾನ ನಗುತ್ತಿದ್ದ.

ನಮ್ಮ ಹಳೆಯ ಹೆಡ್ ಗುಮಾಸ್ತರದು ಒಂದು ಪದ್ಧತಿಯಿತ್ತು. ಮೂರು ಪತ್ರಕ್ಕೆ ಉತ್ತರ ಬಾರದಿದ್ದರೂ, ಅರ್ಜಿ ಮುಚ್ಚುವ ಮುನ್ನ ಒಂದು ಫೋನ್ ಮಾಡಲೇಬೇಕು. "ಉತ್ತರ ಕೊಡದೋನಿಗೆ ಬೇಡ ಅಂತಲ್ಲಮ್ಮ, ಕೈಲಾಗ್ತಿಲ್ಲ ಅಂತ ತಿಳ್ಕೋ," ಎನ್ನುತ್ತಿದ್ದರು. ಏಜೆಂಟ್‌ಗಳಿಗೂ ನಾನು ಅದನ್ನೇ ಕಲಿಸಿದ್ದೆ.

ನಿನ್ನ ಮನೆಯವರ ಅರ್ಜಿಯಲ್ಲಿ ಡಾಕ್ಟರ ಚೀಟಿ ಇರಲಿಲ್ಲ. ಏಳನೆಯ ಏಜೆಂಟ್ ಮೂರು ಸಂದೇಶ ಕಳಿಸಿತು. ಅಷ್ಟು ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು, ಫೋನು ಚಾರ್ಜಿಲ್ಲದೆ ಕಪಾಟಿನಲ್ಲಿತ್ತು ಎಂದು ನೀನೇ ಬರೆದಿದ್ದೀಯ. ಅಕ್ಕನಿಗೆ ಹೇಳಬೇಡ, ಶಿಫಾರಸು ಅನ್ನಿಸಿಕೊಳ್ಳುತ್ತದೆ ಎಂದು ನಿನ್ನ ಬಾಯಿ ಕಟ್ಟಿದ್ದರಂತೆ. ಆ ಹಟಕ್ಕೆ ಅವರನ್ನು ಬೈಯಲು ನನಗೆ ಯಾವ ಮುಖ?

ಏಜೆಂಟ್ ಮುಚ್ಚಿತು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಮೇಲಿನವರೂ ಹಾಗೇ ಬರೆಯಲು ಹೇಳಿದರು. ಮೊನ್ನೆ ಸಂಕಟ ತಡೆಯದೆ ಆ ಏಳನೆಯದನ್ನು ಬಾಯಿಗೆ ಬಂದಂತೆ ಬೈದು ಟೈಪ್ ಮಾಡಿದೆ. "ಕ್ಷಮಿಸಿ. ಮುಂದಿನ ಅರ್ಜಿ ತೆರೆದಿದ್ದೇನೆ," ಎಂದಿತು. ಖಾಲಿ ಮೇಜುಗಳ ನಡುವೆ ಕೂತು ಅತ್ತೆ. ಯಾಕಮ್ಮಾ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಹೊತ್ತಿಗೆ ಸರಿಯಾಗಿ ಎರಡು ತುತ್ತು ಉಣ್ಣು. ನನ್ನ ಹಾರೈಕೆಗೆ ಬೆಲೆ ಉಳಿದಿದೆಯೋ ಇಲ್ಲವೋ ಕಾಣೆ, ಉಳಿದಷ್ಟೂ ನಿನಗೇ.

ನಿನ್ನ ಅಕ್ಕ

ತಾ.ಕ.: ಮುಚ್ಚುವ ಮುನ್ನ ಏಜೆಂಟ್ ನನ್ನನ್ನು ಕೇಳಿತ್ತು. ಹಳೆಯ ದಾಖಲೆ ತೆಗೆದು ನೋಡಿದೆ. "ಅರ್ಜಿದಾರರು ಸಿಗುತ್ತಿಲ್ಲ. ಅವರು ಕೊಟ್ಟಿರುವ ಎರಡನೇ ನಂಬರಿಗೆ ಫೋನ್ ಮಾಡಲೇ?" ಆ ದಿನ ಇನ್ನೂ ನೂರು ಪ್ರಶ್ನೆ ಬಾಕಿಯಿದ್ದವು. ಪೂರ್ತಿ ಓದದೆ, "ಇನ್ನು ಮೇಲೆ ಇಂಥದ್ದನ್ನೆಲ್ಲ ಕೇಳಬೇಡಿ, ಮುಚ್ಚಿ," ಎಂದು ಬರೆದೆ. ಅರ್ಜಿಯಲ್ಲಿ ಕಡ್ಡಾಯವೆಂದು ಅವರು ಬರೆದಿದ್ದ ಆ ಎರಡನೇ ನಂಬರು ನನ್ನದು, ಪುಟ್ಟಿ. ಫೋನ್ ಮಾಡಿದ್ದರೆ ನನ್ನ ಕೈಚೀಲದಲ್ಲೇ ರಿಂಗಾಗುತ್ತಿತ್ತು.